ವಾಹನ ಸಲಹೆ: ಹೊಸ ಜೀಪಿಗೆ ಮೊದಲು ಏನು ಹಾಕಿಸಬೇಕು?

ಮುಂಗಾರು ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಮಲೆನಾಡಿನ ಪತ್ರಗಳು ಹೆಚ್ಚಾಗಿ ಬರತೊಡಗುತ್ತವೆ. ಈ ಬಾರಿ ಬಂದವುಗಳಲ್ಲಿ ಬಹುಪಾಲು ಹೊಸದಾಗಿ ಮಹೀಂದ್ರ ಥಾರ್ ಅಥವಾ ಮಾರುತಿ ಜಿಮ್ನಿ ಕೊಂಡವರ ಪ್ರಶ್ನೆಗಳಾದ್ದರಿಂದ ಇಡೀ ಅಂಕಣವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ. ಪ್ರಶ್ನೆ ಕೇಳಿದವರ ಊರನ್ನಷ್ಟೇ ಪ್ರಕಟಿಸುತ್ತಿದ್ದೇವೆ.

ಪ್ರಶ್ನೆ: ಕಳೆದ ತಿಂಗಳು ಥಾರ್ ಡೀಸೆಲ್ ಫೋರ್ ವೀಲ್ ಡ್ರೈವ್ ಕೊಂಡಿದ್ದೇನೆ. ತೋಟಕ್ಕೂ ಮನೆಗೂ ಅದೊಂದೇ ಗಾಡಿ. 33 ಇಂಚಿನ ಮಡ್ ಟೈರು, ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್, ಕಬ್ಬಿಣದ ಬಂಪರ್, ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್, ಎಂಜಿನ್ನಿಗೆ ಮೇಲಿನಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಮತ್ತು ಎಲ್‌ಇಡಿ ಬಾರ್ ಹಾಕಿಸಲು ಮೂರು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇನೆ. ಯಾವುದನ್ನು ಮೊದಲು ಹಾಕಿಸಲಿ? — ಸಕಲೇಶಪುರ

ಉತ್ತರ: ಮೊದಲು ಏನನ್ನೂ ಹಾಕಿಸಬೇಡಿ. ಒಂದು ಮಳೆಗಾಲವನ್ನು ಕಂಪನಿ ಕೊಟ್ಟ ಗಾಡಿಯಲ್ಲೇ ಕಳೆಯಿರಿ. ಗಾಡಿ ಎಲ್ಲಿ ಸಿಕ್ಕಿಕೊಂಡಿತು, ಯಾವ ಭಾಗ ನೆಲಕ್ಕೆ ತಾಗಿತು, ಯಾವ ಏರಿನಲ್ಲಿ ಚಕ್ರ ಸುಮ್ಮನೆ ತಿರುಗಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಏನು ಬೇಕೆಂಬುದನ್ನು ಅಂಗಡಿಯವರ ಪಟ್ಟಿಗಿಂತ ಆ ಬರಹವೇ ಚೆನ್ನಾಗಿ ಹೇಳುತ್ತದೆ. ನಿಮ್ಮ ಗಾಡಿಗೆ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ತಳಕ್ಕೂ ನಡುವಿನ ಅಂತರ), ನಿಧಾನವಾಗಿ ಆದರೆ ಬಲವಾಗಿ ಎಳೆಯುವ ಲೋ ರೇಂಜ್ ಗೇರು, 300 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ನಿನ ತಿರುಚುವ ಬಲ) ಇವೆ. ಕಾಫಿ ತೋಟದ ಸಾಮಾನ್ಯ ರಸ್ತೆಗೆ ಇವು ಕಡಿಮೆಯೇನಲ್ಲ.

ಈಗ ನಿಮ್ಮ ಪಟ್ಟಿಗೆ ಬರೋಣ. ಥಾರ್‌ನ 255/65 ಆರ್ 18 ಟೈರಿನ ವ್ಯಾಸ ಸುಮಾರು 789 ಮಿಲಿಮೀಟರ್. 33 ಇಂಚಿನ ಟೈರಿನದು 838. ವ್ಯಾಸದಲ್ಲಿ 49 ಮಿಲಿಮೀಟರ್ ಹೆಚ್ಚಿದರೂ ಆಕ್ಸಲ್ (ಚಕ್ರಗಳ ಅಚ್ಚು) ಮೇಲಕ್ಕೇರುವುದು ಅದರ ಅರ್ಧದಷ್ಟು, ಎಂದರೆ ಒಂದು ಇಂಚು ಮಾತ್ರ. ಈ ಒಂದು ಇಂಚಿಗೆ ನೀವು ತೆರುವ ಬೆಲೆ ಏನೆಂದು ನೋಡಿ. ಚಕ್ರದ ಒಂದು ಸುತ್ತಿಗೆ ಗಾಡಿ ಶೇಕಡಾ 6ರಷ್ಟು ಹೆಚ್ಚು ದೂರ ಹೋಗುವುದರಿಂದ ಮೀಟರು 80 ತೋರಿಸುವಾಗ ನಿಜವಾದ ವೇಗ 85ರ ಹತ್ತಿರ ಇರುತ್ತದೆ. ಪ್ರತಿ ಗೇರೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುವುದರಿಂದ ಏರಿನಲ್ಲಿ ಎಳೆತ ಕುಗ್ಗುತ್ತದೆ. ಭಾರವಾದ ಚಕ್ರವನ್ನು ನಿಲ್ಲಿಸಲು ಬ್ರೇಕು ಹೆಚ್ಚು ದುಡಿಯಬೇಕು. ಆ ಗಾತ್ರದ ಸ್ಟೆಪ್ನಿಯನ್ನು ಹಿಂಬಾಗಿಲಿಗೆ ತೂಗುಹಾಕಿದರೆ ಬಾಗಿಲಿನ ಕೀಲುಗಳಿಗೆ ಅವು ಹೊರಲೆಂದು ಮಾಡದ ಭಾರ ಬೀಳುತ್ತದೆ. ಜೊತೆಗೆ ಮಡ್ ಟೈರಿನ ದೊಡ್ಡ ಉಬ್ಬುಗಳು ತೋಟದ ಕೆಸರಿನಲ್ಲಿ ಚೆನ್ನಾಗಿ ಕಚ್ಚಿದರೂ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಹಿಡಿತ ಕಳೆದುಕೊಳ್ಳುತ್ತವೆ. ವಾರಕ್ಕೆರಡು ಸಲ ಶಿರಾಡಿ ಘಾಟಿ ಇಳಿಯುವವರು ಇದನ್ನು ಯೋಚಿಸಲೇಬೇಕು. ಈಗಿನ ಟೈರು ಸವೆದ ಮೇಲೆ ಅದೇ ಅಳತೆಯ ಒಳ್ಳೆಯ ಆಲ್ ಟೆರೇನ್ ಟೈರು ಹಾಕಿಸುವುದೇ ನಿಮಗೆ ಸರಿಯಾದ ದಾರಿ.

ಲಿಫ್ಟ್ ಕಿಟ್ಟಿನ ವಿಚಾರದಲ್ಲಿ ಮಾರುವವರು ಹೇಳದ ಸಂಗತಿಯೊಂದಿದೆ. ಥಾರ್‌ನ ಹಿಂಭಾಗದಲ್ಲಿರುವುದು ಇಡಿಯ ಆಕ್ಸಲ್, ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಅದರ ನಡುವಿನ ಡಿಫರೆನ್ಷಿಯಲ್ ಗುಂಡೇ ಹಿಂಬದಿಯಲ್ಲಿ ನೆಲಕ್ಕೆ ಅತ್ಯಂತ ಹತ್ತಿರವಿರುವ ಭಾಗ. ಲಿಫ್ಟ್ ಕಿಟ್ ಬಾಡಿಯನ್ನೂ ಚಾಸಿಯನ್ನೂ ಎತ್ತುತ್ತದೆಯೇ ಹೊರತು ಆ ಗುಂಡನ್ನು ಒಂದು ಕೂದಲೆಳೆಯಷ್ಟೂ ಎತ್ತುವುದಿಲ್ಲ. ದಾರಿಯ ನಡುವಿನ ದಿಬ್ಬಕ್ಕೆ ತಾಗುವುದು ಅದೇ ಗುಂಡಾದ್ದರಿಂದ, ಹಣ ಕೊಟ್ಟರೂ ಸಮಸ್ಯೆ ಹಾಗೇ ಉಳಿಯುತ್ತದೆ. ಮುಂಭಾಗದಲ್ಲಿ ಎರಡು ಚಕ್ರಗಳಿಗೂ ಪ್ರತ್ಯೇಕ ಸಸ್ಪೆನ್ಷನ್ ಇರುವುದರಿಂದ ಎತ್ತರಿಸಿದಷ್ಟೂ ಡ್ರೈವ್ ಶಾಫ್ಟ್ ಹೆಚ್ಚು ಕೋನದಲ್ಲಿ ತಿರುಗಬೇಕಾಗುತ್ತದೆ, ರಬ್ಬರ್ ಬೂಟು ಬೇಗ ಹರಿಯುತ್ತದೆ, ಅಲೈನ್‌ಮೆಂಟ್ ಕೆಡುತ್ತದೆ. ಗುರುತ್ವ ಕೇಂದ್ರ ಮೇಲಕ್ಕೇರಿದ ಎತ್ತರದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಕಬ್ಬಿಣದ ಬಂಪರಿನ ಬಗ್ಗೆ ಮುಂದಿನ ಪ್ರಶ್ನೆಯ ಉತ್ತರವನ್ನು ನೋಡಿ, ಸ್ನಾರ್ಕೆಲ್ ಬಗ್ಗೆ ತೀರ್ಥಹಳ್ಳಿಯವರ ಪ್ರಶ್ನೆಯನ್ನು, ವಿಂಚ್ ಬಗ್ಗೆ ಕೊಪ್ಪದವರ ಪ್ರಶ್ನೆಯನ್ನು ನೋಡಿ. ಎಲ್‌ಇಡಿ ಬಾರ್ ಖಂಡಿತ ಬೇಡ. ಘಾಟಿಯ ಮಂಜಿನಲ್ಲಿ ಛಾವಣಿಯ ಮಟ್ಟದಿಂದ ಬೀಳುವ ಬಿಳಿ ಬೆಳಕು ಮಂಜಿನ ಹನಿಗಳಿಗೆ ಬಡಿದು ನಿಮ್ಮ ಕಣ್ಣಿಗೇ ತಿರುಗಿ ಬರುತ್ತದೆ. ಮಂಜಿಗೆ ಬೇಕಾದದ್ದು ಬಂಪರಿನ ಕೆಳಮಟ್ಟದಲ್ಲಿ ಕುಳಿತು ರಸ್ತೆಯ ಅಂಚನ್ನು ತೋರಿಸುವ ಫಾಗ್ ಲ್ಯಾಂಪು. ಎದುರಿನವರ ಕಣ್ಣು ಕೋರೈಸುವ ದೀಪಗಳ ಮೇಲೆ ಕರ್ನಾಟಕ ಪೊಲೀಸರು 2024ರಲ್ಲಿ ರಾಜ್ಯದಾದ್ಯಂತ ಪ್ರಕರಣ ದಾಖಲಿಸಿದ್ದನ್ನೂ ನೆನಪಿಡಿ.

ಮೂರು ಲಕ್ಷದಲ್ಲಿ ಸದ್ಯಕ್ಕೆ ತೆಗೆಯಬೇಕಾದದ್ದು ಹೂತ ಗಾಡಿಯನ್ನು ಎಳೆಯಲು ಒಂದು ಒಳ್ಳೆಯ ಹಿಗ್ಗುವ ಹಗ್ಗ, ಅದನ್ನು ಜೋಡಿಸುವ ಎರಡು ಷಾಕಲ್ (ಕೊಂಡಿ), ಗಾಳಿ ತುಂಬುವ ಕಂಪ್ರೆಸರ್, ಪ್ರೆಷರ್ ಗೇಜು, ಪಂಕ್ಚರ್ ಕಿಟ್ಟು, ಒಂದು ಗುದ್ದಲಿ ಮತ್ತು ಚಕ್ರಕ್ಕೆ ಕಟ್ಟುವ ಚೈನು. ಚೈನನ್ನು ಹಳೆಯ ಕಾಲದ್ದೆಂದು ಹೊಸಬರು ಮೂಗು ಮುರಿಯುತ್ತಾರೆ, ಆದರೆ ಜುಲೈ ತಿಂಗಳ ಜಾರು ಏರಿನಲ್ಲಿ ಚೈನು ಕಟ್ಟಿದ ಹಳೆಯ ಎಂಎಂ 540 ಜೀಪು ಹತ್ತಿಹೋದಲ್ಲಿ ದುಬಾರಿ ಮಡ್ ಟೈರಿನ ಗಾಡಿ ಜಾರಿ ನಿಲ್ಲುವುದನ್ನು ನಿಮ್ಮ ಕಡೆಯವರೇ ಬೇಕಾದಷ್ಟು ಕಂಡಿದ್ದಾರೆ. ಕಟ್ಟುವ ಮುನ್ನ ಚೈನು ಬ್ರೇಕ್ ಪೈಪಿಗೂ ಸಸ್ಪೆನ್ಷನ್ನಿಗೂ ಉಜ್ಜದಷ್ಟು ಜಾಗವಿದೆಯೇ ಎಂದು ಚಕ್ರವನ್ನು ಪೂರ್ತಿ ತಿರುಗಿಸಿ ನೋಡಿಕೊಳ್ಳಿ. ಟೈರು ದಪ್ಪವಾದಷ್ಟೂ ಈ ಜಾಗ ಕಡಿಮೆಯಾಗುತ್ತದೆ ಎಂಬುದು ದೊಡ್ಡ ಟೈರು ಬೇಡವೆನ್ನಲು ಇನ್ನೊಂದು ಕಾರಣ. ಡಾಂಬರು ರಸ್ತೆ ಸಿಕ್ಕ ಕೂಡಲೇ ಚೈನು ಬಿಚ್ಚಬೇಕು.

ಪ್ರಶ್ನೆ: ಹೊಸ ಗಾಡಿಗೆ ಮುಂದೆ ಕ್ರ್ಯಾಶ್ ಗಾರ್ಡ್ ಹಾಕಿಸಿದ್ದೆ. ಪೊಲೀಸರು ತಡೆದು ದಂಡ ಹಾಕಿದರು. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ವಸ್ತುವನ್ನು ಹಾಕಿಸುವುದು ಅಪರಾಧ ಹೇಗಾಗುತ್ತದೆ? ಇದರಿಂದ ವಿಮೆಗೆ ತೊಂದರೆಯಿದೆಯೇ? — ಹಾಸನ

ಉತ್ತರ: ಮಾರುವುದು ಬೇರೆ, ಸಾರ್ವಜನಿಕ ರಸ್ತೆಯಲ್ಲಿ ಓಡಿಸುವ ಗಾಡಿಗೆ ಹಾಕಿಸುವುದು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದೇ ಕಲಮನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಪ್ರತಿಯೊಂದಕ್ಕೆ ಎಂಬ ಮಾತನ್ನು ಗಮನಿಸಿ. ಸಕಲೇಶಪುರದವರ ಪಟ್ಟಿಯನ್ನು ಹಾಗೇ ಹಾಕಿಸಿದರೆ ದಂಡದ ಲೆಕ್ಕವೂ ಉದ್ದವಾಗುತ್ತದೆ. ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು.

ಕಾನೂನನ್ನು ಬದಿಗಿಟ್ಟರೂ ನಾವು ಇದನ್ನು ಹಾಕಿಸಬೇಡಿ ಎಂದೇ ಹೇಳುತ್ತೇವೆ. ಕಂಪನಿಯ ಬಂಪರು ಡಿಕ್ಕಿಯಲ್ಲಿ ಕುಸಿಯುವಂತೆಯೇ ಮಾಡಿರುವಂಥದ್ದು. ಅದು ಕುಸಿಯುವ ರೀತಿಯನ್ನು ನೋಡಿಯೇ ಸೆನ್ಸರುಗಳು ಏರ್ ಬ್ಯಾಗ್ ಯಾವ ಕ್ಷಣ ಬಿಚ್ಚಿಕೊಳ್ಳಬೇಕೆಂದು ತೀರ್ಮಾನಿಸುತ್ತವೆ. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಥಾರ್‌ಗೆ ಸಿಕ್ಕ ನಾಲ್ಕು ನಕ್ಷತ್ರಗಳು ಆ ಬಂಪರು ಇದ್ದ ಗಾಡಿಗೆ ಸಿಕ್ಕವು. ಚಾಸಿಗೆ ನೇರವಾಗಿ ಬೋಲ್ಟು ಮಾಡಿದ ಕಬ್ಬಿಣದ ಕೊಳವೆಯು ಡಿಕ್ಕಿಯ ಪೆಟ್ಟನ್ನು ಹೀರದೆ ಒಳಕ್ಕೆ ಸಾಗಿಸುತ್ತದೆ, ಏರ್ ಬ್ಯಾಗ್ ತಡವಾಗಬಹುದು ಅಥವಾ ಅಕಾಲದಲ್ಲಿ ಬಿಚ್ಚಿಕೊಳ್ಳಬಹುದು. ಏರ್ ಬ್ಯಾಗಿಗೆ ಹೊಂದುವ ಬಂಪರ್ ಎಂದು ಬರೆದು ಮಾರುವವರನ್ನು, ಇದನ್ನು ಹಾಕಿದ ಇದೇ ಗಾಡಿಯನ್ನು ಎಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದ್ದೀರಿ ಎಂದು ಒಮ್ಮೆ ಕೇಳಿ ನೋಡಿ. ಇನ್ನು ಎದುರಿಗೆ ಸಿಕ್ಕ ಪಾದಚಾರಿಯ ಗತಿ ಏನೆಂಬುದು ಈ ಚರ್ಚೆಯಲ್ಲಿ ಯಾರ ಬಾಯಲ್ಲೂ ಬರುವುದೇ ಇಲ್ಲ.

ವಿಮೆಯ ವಿಷಯದಲ್ಲಿ ನಿಯಮ ಸರಳವಾಗಿದೆ. ಕಾನೂನು ಒಪ್ಪುವ ಹೆಚ್ಚುವರಿ ಸಾಮಾನು ಹಾಕಿಸಿದರೆ ಬಿಲ್ಲಿನೊಂದಿಗೆ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು. ವಿದ್ಯುತ್ ಸಾಮಾನಿಗೆ ಅದರ ಬೆಲೆಯ ಶೇಕಡಾ 4ರಷ್ಟು ಹೆಚ್ಚುವರಿ ಪ್ರೀಮಿಯಂ ಕಟ್ಟುವ ಪದ್ಧತಿಯಿದೆ. ತಿಳಿಸದೆ ಹಾಕಿಸಿದ್ದಕ್ಕೆ ಪರಿಹಾರ ಸಿಗುವುದಿಲ್ಲ, ಅಪಘಾತಕ್ಕೆ ಆ ಬದಲಾವಣೆಯೇ ಕಾರಣವೆಂದು ಸರ್ವೇಯರ್ ಬರೆದರೆ ಇಡೀ ಕ್ಲೇಮಿಗೇ ಕುತ್ತು ಬರಬಹುದು. ವಾರಂಟಿಯ ವಿಷಯದಲ್ಲಿ ಮುಖ್ಯವಾಗಿ ಎಚ್ಚರವಿರಬೇಕಾದದ್ದು ವೈರು ಕತ್ತರಿಸಿ ಜೋಡಿಸುವ ಕೆಲಸದ ಬಗ್ಗೆ. ಯಾವ ದೀಪವನ್ನೇ ಆಗಲಿ ರಿಲೇ, ಫ್ಯೂಸು ಮತ್ತು ಕಪ್ಲರ್ ಇರುವ ಪ್ರತ್ಯೇಕ ವೈರಿಂಗ್‌ನಿಂದಲೇ ಹಾಕಿಸಿ.

ಪ್ರಶ್ನೆ: ಫೋರ್ ವೀಲ್ ಹಾಕಿಕೊಂಡು ತೋಟದಿಂದ ಮುಖ್ಯ ರಸ್ತೆಗೆ ಬಂದು ತಿರುಗಿಸಿದಾಗ ಗಾಡಿ ಹಿಡಿದುಕೊಂಡಂತಾಗಿ ಕೆಳಗಿನಿಂದ ಟಕಟಕ ಸದ್ದು ಬರುತ್ತದೆ. ಶೋರೂಮಿನಲ್ಲಿ ಏನೂ ದೋಷವಿಲ್ಲ ಎನ್ನುತ್ತಾರೆ. ಡಿಫ್ ಲಾಕಿನ ಸ್ವಿಚ್ಚು ಎಲ್ಲಿದೆ ಎಂಬುದೂ ಗೊತ್ತಾಗಲಿಲ್ಲ. — ಸೋಮವಾರಪೇಟೆ

ಉತ್ತರ: ಶೋರೂಮಿನವರು ಹೇಳಿದ್ದು ಸರಿ, ಆದರೆ ಕಾರಣವನ್ನೂ ಹೇಳಬೇಕಾಗಿತ್ತು. ಥಾರ್, ಜಿಮ್ನಿ ಎರಡರಲ್ಲೂ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. 4ಎಚ್ (ಸಾಮಾನ್ಯ ವೇಗದ ಫೋರ್ ವೀಲ್) ಹಾಕಿದ ಕೂಡಲೇ ಎರಡೂ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಬೇಕೆಂಬ ಕಟ್ಟು ಬೀಳುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುವುದರಿಂದ ಅವು ಹೆಚ್ಚು ವೇಗವಾಗಿ ತಿರುಗಲು ಬಯಸುತ್ತವೆ. ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲಾಗದೆ ಶಾಫ್ಟು, ಗೇರು ಮತ್ತು ಚೈನಿನಲ್ಲೆಲ್ಲ ಬಿಗಿತ ತುಂಬಿಕೊಳ್ಳುತ್ತದೆ. ನೀವು ಕೇಳಿದ ಸದ್ದು ಆ ಬಿಗಿತದ್ದು. ಹೀಗೇ ಓಡಿಸುತ್ತಿದ್ದರೆ ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸು ಹಾಳಾಗುತ್ತದೆ. ರಸ್ತೆಗೆ ಬರುವ ಮೊದಲೇ 2ಎಚ್‌ಗೆ, ಎಂದರೆ ಎರಡು ಚಕ್ರದ ಎಳೆತಕ್ಕೆ ಬನ್ನಿ. ಲಿವರು ಬಿಗಿಯಾಗಿ ಹಿಡಿದುಕೊಂಡಿದ್ದರೆ ಬಲವಂತ ಮಾಡದೆ ಗಾಡಿಯನ್ನು ಒಂದೆರಡು ಮೀಟರ್ ನೇರವಾಗಿ ಹಿಂದಕ್ಕೆ ತೆಗೆದುಕೊಂಡರೆ ಬಿಗಿತ ಸಡಿಲಿ ಲಿವರು ಸರಾಗವಾಗಿ ಬರುತ್ತದೆ.

4ಎಲ್, ಎಂದರೆ ಲೋ ರೇಂಜ್, ಬೇರೆಯೇ ಸಾಧನ. ಗಾಡಿಯನ್ನು ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಬೇಕಾದ ಈ ಗೇರಿನಲ್ಲಿ ಥಾರ್‌ನ ವೇಗ ಸುಮಾರು ಎರಡೂವರೆ ಪಟ್ಟು ತಗ್ಗುತ್ತದೆ, ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಪಟ್ಟು ಹೆಚ್ಚುತ್ತದೆ. ಹೊಸಬರು ಇದನ್ನು ಏರಿಗೆ ಮಾತ್ರ ಎಂದುಕೊಳ್ಳುತ್ತಾರೆ. ನಮ್ಮ ದೃಷ್ಟಿಯಲ್ಲಿ ಇದರ ನಿಜವಾದ ಉಪಯೋಗ ಇಳಿಜಾರಿನಲ್ಲಿದೆ. ಒದ್ದೆ ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಚಕ್ರ ಹಿಡಿದು ಗಾಡಿ ಅಡ್ಡಡ್ಡ ಜಾರುತ್ತದೆ. 4ಎಲ್‌ನ ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನೂ ಬ್ರೇಕನ್ನೂ ಮುಟ್ಟದೆ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ನಡಿಗೆಯ ವೇಗದಲ್ಲಿ ಇಳಿಸಿಕೊಂಡು ಹೋಗುತ್ತದೆ. ಇದನ್ನು ಒಣ ದಿನದಲ್ಲಿ, ಅಗಲವಾದ ಇಳಿಜಾರಿನಲ್ಲಿ ಅಭ್ಯಾಸ ಮಾಡಿ. ಕಾಲನ್ನು ಪೆಡಲುಗಳಿಂದ ದೂರ ಇಟ್ಟುಕೊಂಡು ಕುಳಿತಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ.

ಇನ್ನು ಡಿಫ್ ಲಾಕು, ಎಂದರೆ ಒಂದು ಚಕ್ರ ಸುಮ್ಮನೆ ತಿರುಗಿದಾಗ ಎರಡನ್ನೂ ಒಟ್ಟಿಗೆ ಬಿಗಿಯುವ ಸಾಧನ. ಥಾರ್‌ನಲ್ಲಿ ಅದಕ್ಕೆ ಸ್ವಿಚ್ಚಿಲ್ಲ. ಮೆಕ್ಯಾನಿಕಲ್ ಲಾಕ್ ಇರುವ ಮಾದರಿಗಳಲ್ಲಿ ಹಿಂದಿನ ಎರಡು ಚಕ್ರಗಳ ವೇಗದಲ್ಲಿ ನಿರ್ದಿಷ್ಟ ಪ್ರಮಾಣದ ವ್ಯತ್ಯಾಸ ಬಂದಾಗ ಅದು ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಕಚ್ಚುವಾಗ ಹಿಂದಿನಿಂದ ದಡಕ್ಕೆಂದು ಸದ್ದು ಬರುತ್ತದೆ. ಏನೋ ಮುರಿಯಿತೆಂದು ಹೆದರಿ ಬಹಳ ಜನ ಅದೇ ಕ್ಷಣದಲ್ಲಿ ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ. ಚಕ್ರವೊಂದು ಸುಮ್ಮನೆ ತಿರುಗತೊಡಗಿದಾಗ ಆಕ್ಸಿಲರೇಟರನ್ನು ಹದವಾಗಿ, ಒಂದೇ ಸಮನೆ ಒತ್ತಿ ಹಿಡಿದರೆ ಸದ್ದಾದ ಮರುಕ್ಷಣ ಗಾಡಿ ಮುಂದಕ್ಕೆ ಹೊರಡುತ್ತದೆ. ಜಿಮ್ನಿಯಲ್ಲಿ ಮತ್ತು ಈ ಲಾಕ್ ಇಲ್ಲದ ಥಾರ್‌ಗಳಲ್ಲಿ ಬ್ರೇಕಿನ ಮೂಲಕ ಅದೇ ಕೆಲಸ ನಡೆಯುವುದರಿಂದ ಅಲ್ಲಿಯೂ ಇದೇ ತಾಳ್ಮೆ ಬೇಕು. ಆಳವಾದ ಕೆಸರಿನಲ್ಲಿ ಮಾತ್ರ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಎಂಜಿನ್ನಿನ ಶಕ್ತಿಯನ್ನು ಕತ್ತರಿಸಿ ಗಾಡಿಯನ್ನು ನಿಲ್ಲಿಸಿಬಿಡಬಹುದು, ಅಂಥ ಕಡೆ ಗುಂಡಿಯೊತ್ತಿ ಅದನ್ನು ಆರಿಸಿ, ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಿ.

ಪ್ರಶ್ನೆ: ಮನೆಗೆ ಹೋಗುವ ದಾರಿಯಲ್ಲಿ ಹಳ್ಳವೊಂದಿದೆ. ಸ್ನಾರ್ಕೆಲ್ ಹಾಕಿಸಿದರೆ ಮಳೆಗಾಲದಲ್ಲೂ ದಾಟಬಹುದೇ? — ತೀರ್ಥಹಳ್ಳಿ

ಉತ್ತರ: ಸ್ನಾರ್ಕೆಲ್ ಮಾಡುವುದು ಒಂದೇ ಕೆಲಸ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಮೇಲಿನಿಂದ ಎಳೆದುಕೊಳ್ಳುವುದು. ನೀರು ಏರಿದಾಗ ಕೆಡುವ ವೈರಿಂಗ್, ಆಲ್ಟರ್ನೇಟರ್, ಆಕ್ಸಲ್ಲಿನ ಬ್ರೀದರ್ (ಗಾಳಿಯಾಡುವ ಕೊಳವೆ), ಕ್ಯಾಬಿನ್ನಿನ ಕಾರ್ಪೆಟ್ ಇವಾವುದನ್ನೂ ಅದು ಕಾಯುವುದಿಲ್ಲ. ಥಾರ್‌ಗೆ ಕಂಪನಿ ಹೇಳಿರುವ ಮಿತಿ 650 ಮಿಲಿಮೀಟರ್. ಅದು ನಿಂತ ನೀರಿನಲ್ಲಿ, ನಿಧಾನವಾಗಿ ಹೋಗುವಾಗಿನ ಲೆಕ್ಕ.

ಹರಿಯುವ ಹಳ್ಳದಲ್ಲಿ ಅಪಾಯ ಎಂಜಿನ್ನಿನದಲ್ಲ, ತೇಲುವಿಕೆಯದು. ಕ್ಯಾಬಿನ್ನಿನ ತಳಕ್ಕೆ ನೀರು ಮುಟ್ಟಿದ ಮೇಲೆ, ಒಳಕ್ಕೆ ನೀರು ನುಗ್ಗುವ ತನಕ, ಏರುವ ಪ್ರತಿ ಹತ್ತು ಸೆಂಟಿಮೀಟರಿಗೆ ನೂರಾರು ಕಿಲೋ ಭಾರವನ್ನು ನೀರು ಎತ್ತಿಹಿಡಿಯುತ್ತದೆ. ಹೀಗೆ ಹಗುರಾದ ಗಾಡಿಗೆ ತಳದಲ್ಲಿ ಹಿಡಿತವಿರುವುದಿಲ್ಲ, ಪಕ್ಕದಿಂದ ಬರುವ ಸೆಳವು ಅದನ್ನು ಸುಲಭವಾಗಿ ಸರಿಸುತ್ತದೆ. ಸ್ನಾರ್ಕೆಲ್ ಇರುವ ಗಾಡಿಯೂ ಇದೇ ರೀತಿ ತೇಲುತ್ತದೆ. ಬೇಸಿಗೆಯಲ್ಲೇ ದಡದ ಕಲ್ಲಿಗೆ ಬಣ್ಣದಲ್ಲಿ ಗುರುತು ಹಾಕಿಸಿ, ತಳದ ಗುಂಡಿಗಳನ್ನು ನೋಡಿಟ್ಟುಕೊಳ್ಳಿ. ನೀರು ಕೆಂಪಾಗಿ ಹರಿಯುವಾಗ, ಗುರುತು ದಾಟಿದಾಗ ಗಾಡಿಯನ್ನು ಈಚೆ ದಡದಲ್ಲೇ ನಿಲ್ಲಿಸಿ. ದಾಟುವಾಗ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಸ್ಟಾರ್ಟರ್ ತಿರುಗಿಸಿದ ಕ್ಷಣವೇ ಕನೆಕ್ಟಿಂಗ್ ರಾಡು ಬಾಗುತ್ತದೆ. ಸೊಂಟಮಟ್ಟದ ಸಾಹಸಗಳ ವಿಡಿಯೊ ನೋಡುವವರಿಗೆ ನಂತರದ ಗ್ಯಾರೇಜಿನ ಬಿಲ್ಲನ್ನು ಯಾರೂ ತೋರಿಸುವುದಿಲ್ಲ. ಆಳದ ನೀರು ದಾಟಿದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡಿಸಿ, ಹಾಲು ಬೆರೆತಂತೆ ಕಂಡರೆ ತಡಮಾಡದೆ ಬದಲಾಯಿಸಿ.

ಪ್ರಶ್ನೆ: ಡೀಸೆಲ್ ಜೀಪನ್ನು ತೋಟದೊಳಗೆ ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುತ್ತೇವೆ. ಆಗಾಗ ಎಚ್ಚರಿಕೆಯ ದೀಪ ಹತ್ತುತ್ತದೆ. — ಮೂಡಿಗೆರೆ

ಉತ್ತರ: ನೀವು ಬರೆದ ದೀಪದ ಚಿತ್ರವನ್ನು ನೋಡಿದರೆ ಅದು ಡಿಪಿಎಫ್ ದೀಪ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆಯಲ್ಲಿರುವ ಮಸಿಯನ್ನು ಈ ಸೋಸುಕ ಹಿಡಿದಿಟ್ಟುಕೊಂಡು, ಸುಮಾರು 600 ಡಿಗ್ರಿ ಉಷ್ಣತೆಯಲ್ಲಿ ಸುಟ್ಟುಹಾಕುತ್ತದೆ. ಮೂರು ಕಿಲೋಮೀಟರಿನ ಓಟದಲ್ಲಿ ಅದು ಬಿಸಿಯಾಗುವುದೇ ಇಲ್ಲ, ಮಸಿ ತುಂಬುತ್ತ ಹೋಗುತ್ತದೆ. ವಾರಕ್ಕೊಮ್ಮೆಯಾದರೂ ಚಿಕ್ಕಮಗಳೂರಿನ ಸಂತೆಗೋ ಇನ್ನೊಂದಕ್ಕೋ ಅರ್ಧ ಗಂಟೆ ಒಂದೇ ಸಮನೆ ಓಡಿಸಿ. ಗಾಡಿ ನಿಲ್ಲಿಸಿದ ಮೇಲೂ ಫ್ಯಾನು ಜೋರಾಗಿ ತಿರುಗುತ್ತಿದ್ದರೆ, ನಿಂತಲ್ಲೇ ಎಂಜಿನ್ನಿನ ಸದ್ದು ಎಂದಿಗಿಂತ ಏರಿದ್ದರೆ ಸುಡುವ ಕೆಲಸ ನಡೆಯುತ್ತಿರಬಹುದು, ಆಗ ಆರಿಸದೆ ಇನ್ನೊಂದಷ್ಟು ದೂರ ಓಡಿಸಿಬಿಡಿ. ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಡೀಸೆಲ್ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರುತ್ತ ಹೋದರೆ ಸಂತೋಷಪಡಬೇಡಿ, ಅದು ಕೆಟ್ಟ ಸೂಚನೆ. ಡಿಪಿಎಫ್ ಕಿತ್ತುಹಾಕಿ ಪ್ರೋಗ್ರಾಂ ಬದಲಾಯಿಸಿ ಕೊಡುವವರೂ ಇದ್ದಾರೆ. ಅದು ಕಾನೂನುಬಾಹಿರ, ವಾರಂಟಿಯೂ ಹೋಗುತ್ತದೆ. ನಿಮ್ಮಂತೆ ತೋಟದೊಳಗಷ್ಟೇ ಓಡಿಸುವವರು ಇನ್ನೂ ಗಾಡಿ ಕೊಳ್ಳುವ ಹಂತದಲ್ಲಿದ್ದರೆ ಪೆಟ್ರೋಲ್ ಮಾದರಿಯನ್ನೇ ಆರಿಸಲಿ.

ಪ್ರಶ್ನೆ: ಅಮ್ಮನಿಗೆ ಮಂಡಿನೋವು. ಮೂರು ಬಾಗಿಲಿನ ಥಾರ್ ಹತ್ತುವುದು ಕಷ್ಟವಾಗುತ್ತಿದೆ. ಕಾಲಿಡುವ ಪಟ್ಟಿ ಹಾಕಿಸಿದರೆ ನೆಲಕ್ಕೆ ತಾಗುತ್ತದೆ ಎಂದು ಗೆಳೆಯರು ಬೇಡವೆನ್ನುತ್ತಾರೆ. — ಮೈಸೂರು

ಉತ್ತರ: ಗೆಳೆಯರು ಹೇಳಿದ್ದು ಬಂಡೆ ಹತ್ತುವವರ ಮಾತು. ನಿಮ್ಮ ಗಾಡಿ ವರ್ಷದಲ್ಲಿ ಎಷ್ಟು ಸಲ ಬಂಡೆ ಹತ್ತುತ್ತದೆ, ಅಮ್ಮ ಎಷ್ಟು ಸಲ ಗಾಡಿ ಹತ್ತುತ್ತಾರೆ ಎಂದು ನೀವೇ ಲೆಕ್ಕ ಹಾಕಿ. ಚಾಸಿಗೆ ಗಟ್ಟಿಯಾಗಿ ಬೋಲ್ಟು ಮಾಡುವ, ಕಂಪನಿಯೇ ಮಾರುವ ಕಾಲುಪಟ್ಟಿಯನ್ನು ಇಂದೇ ಹಾಕಿಸಿ. ಒದ್ದೆ ಚಪ್ಪಲಿಗೆ ಜಾರದಂತೆ ಮೇಲ್ಮೈ ಒರಟಾಗಿರಲಿ. ಅದರ ಜೊತೆಗೆ ಬಾಗಿಲಿನ ಪಕ್ಕದ ಕಂಬದಲ್ಲಿರುವ ಹಿಡಿಯನ್ನು ಮೊದಲು ಹಿಡಿದು, ಅನಂತರ ಕಾಲಿಟ್ಟು, ಸೀಟಿಗೆ ಬೆನ್ನು ತಿರುಗಿಸಿ ಕೂರುವುದನ್ನು ರೂಢಿಮಾಡಿಸಿ. ಅಮ್ಮನವರನ್ನು ಹಿಂದಿನ ಸೀಟಿಗೆ ಕಳುಹಿಸಲೇಬೇಡಿ, ಮುಂದಿನ ಸೀಟು ಮಡಿಸಿ ನುಸುಳುವ ಆ ದಾರಿ ವಯಸ್ಸಾದವರಿಗಲ್ಲ. ಮನೆಯಲ್ಲಿ ಐದು ಜನರಿದ್ದು ಒಂದೇ ಗಾಡಿಯಿರುವವರು 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸನ್ನು ನೋಡುವುದು ಒಳಿತು. ಅದರ ವೀಲ್ ಬೇಸು 2,850 ಮಿಲಿಮೀಟರ್ ಇರುವುದರಿಂದ ಕುಲುಕಾಟವೂ ಕಡಿಮೆ. ತೋಟದ ಇಕ್ಕಟ್ಟಾದ ತಿರುವುಗಳಲ್ಲಿ ಮಾತ್ರ 2,450 ಮಿಲಿಮೀಟರಿನ ಚಿಕ್ಕ ಥಾರೇ ಸುಲಭ.

ಪ್ರಶ್ನೆ: ಸಮುದ್ರದಂಡೆಯ ಮರಳಿನಲ್ಲಿ ಓಡಿಸಿದರೆ ತುಕ್ಕು ಹಿಡಿಯುತ್ತದೆಯೇ? — ಉಡುಪಿ

ಉತ್ತರ: ಹಿಡಿಯುತ್ತದೆ. ಅದೇ ದಿನ ತಳಭಾಗವನ್ನೂ ಚಕ್ರದ ಒಳಬದಿಯನ್ನೂ ಸಿಹಿನೀರಿನಿಂದ ತೊಳೆಯಿರಿ. ಚಾಸಿಯ ಪೊಳ್ಳು ಭಾಗದೊಳಗೆ ಸಿಂಪಡಿಸುವ ಮೇಣದಂಥ ಲೇಪನ ಹೊರಗಿನ ಕಪ್ಪು ಬಳಿತಕ್ಕಿಂತ ಹೆಚ್ಚು ಉಪಯುಕ್ತ. ಕಪ್ಪು ಬಳಿತ ಮಾಡಿಸುವಾಗ ನೀರು ಹೊರಹೋಗುವ ತೂತುಗಳು ಮುಚ್ಚಿಹೋಗದಂತೆ ಎದುರಿಗೇ ನಿಂತು ನೋಡಿಕೊಳ್ಳಿ.

ಪ್ರಶ್ನೆ: ಗೆಳೆಯರ ಗುಂಪಿನೊಂದಿಗೆ ಬೆಟ್ಟದ ಹುಲ್ಲುಗಾವಲಿನಲ್ಲಿ ಆಫ್ ರೋಡ್ ಮಾಡಲು ಯಾರ ಅನುಮತಿ ಬೇಕು? — ಬೆಂಗಳೂರು

ಉತ್ತರ: ಮೀಸಲು ಅರಣ್ಯವಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ 24ನೇ ಕಲಮಿನಡಿ ಅತಿಕ್ರಮ ಪ್ರವೇಶವೇ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆ ಇನ್ನೂ ಬಿಗಿಯಾಗಿದೆ. ಅನುಮತಿ ಕೇಳಿ ಹೋಗುವಂಥ ಜಾಗವೇ ಅದಲ್ಲ. ಶೋಲಾ ಕಾಡಿನ ಮೇಲಿನ ಹುಲ್ಲುಗಾವಲಿನ ಮಣ್ಣು ತೆಳುವಾದದ್ದು. ಒಂದು ಜೀಪಿನ ಚಕ್ರದ ಜಾಡು ಮೊದಲ ಮಳೆಗೆ ಕಾಲುವೆಯಾಗುತ್ತದೆ, ಮೂರನೆಯ ಮಳೆಗಾಲದ ಹೊತ್ತಿಗೆ ಕೊರಕಲಾಗುತ್ತದೆ, ಕೆಳಗಿನ ಊರಿನ ತೊರೆಗೆ ಕೆಸರು ಇಳಿಯುತ್ತದೆ. ಮಾಂದಲಪಟ್ಟಿ, ಕೊಡಚಾದ್ರಿಯಂಥ ಕಡೆ ಗೊತ್ತಾದ ದಾರಿಯಲ್ಲಿ ಹೋಗುವ ಸ್ಥಳೀಯ ಬಾಡಿಗೆ ಜೀಪುಗಳಿವೆ, ಅವುಗಳಲ್ಲಿ ಹೋಗಿ ಚಾಲಕರ ಕೈಚಳಕ ನೋಡಿ ಬನ್ನಿ. ನಿಮ್ಮ ಗಾಡಿಯನ್ನೇ ಓಡಿಸಬೇಕೆಂದಿದ್ದರೆ ತರಬೇತಿ ಕೊಡುವ ಖಾಸಗಿ ಜಾಗಗಳಿವೆ, ಒಪ್ಪುವ ಪರಿಚಿತರ ತೋಟಗಳೂ ಇರುತ್ತವೆ.

ಪ್ರಶ್ನೆ: ಕೆಸರಿನಲ್ಲಿ ಹೂತ ಗಾಡಿಯನ್ನು ಟ್ರ್ಯಾಕ್ಟರಿಗೆ ತಂತಿಹಗ್ಗ ಕಟ್ಟಿ ಎಳೆಸಿದಾಗ ಹಗ್ಗ ತುಂಡಾಗಿ ಬಾನೆಟ್ಟಿಗೆ ಹೊಡೆಯಿತು. ಯಾರಿಗೂ ಏನೂ ಆಗಲಿಲ್ಲ. ಸರಿಯಾದ ಕ್ರಮ ಯಾವುದು? ವಿಂಚ್ ಬೇಕೇ? — ಕೊಪ್ಪ

ಉತ್ತರ: ಬಾನೆಟ್ಟಿಗೆ ಹೊಡೆದ ಹಗ್ಗ ಮನುಷ್ಯನಿಗೆ ಹೊಡೆದಿದ್ದರೆ ಈ ಪತ್ರವೇ ಬೇರೆಯಾಗಿರುತ್ತಿತ್ತು. ಎಳೆಯುವ ಮೊದಲು ಅಗೆಯಬೇಕು. ನಾಲ್ಕೂ ಚಕ್ರಗಳ ಮುಂದಿನ ಮಣ್ಣನ್ನು, ಆಕ್ಸಲ್ಲಿನ ಕೆಳಗಿನ ಮಣ್ಣನ್ನು ಗುದ್ದಲಿಯಿಂದ ತೆಗೆದು, ಟೈರಿನ ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಚಕ್ರದ ಮುಂದೆ ಹಲಗೆಯನ್ನೋ ಮಡಿಸಿದ ಗೋಣಿಚೀಲವನ್ನೋ ಇಟ್ಟು ಪ್ರಯತ್ನಿಸಿದರೆ ಅನೇಕ ಸಲ ಟ್ರ್ಯಾಕ್ಟರೇ ಬೇಕಾಗುವುದಿಲ್ಲ. ಗಾಳಿ ಇಳಿಸಿದಾಗ ಟೈರು ಉದ್ದಕ್ಕೆ ಚಪ್ಪಟೆಯಾಗಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಡಾಂಬರಿಗೆ ಬರುವ ಮೊದಲು ಕಂಪ್ರೆಸರಿನಿಂದ ಮತ್ತೆ ತುಂಬಲೇಬೇಕು. ಅಲ್ಲಿಯವರೆಗೆ ನಿಧಾನವಾಗಿ ಹೋಗಿ, ಸ್ಟಿಯರಿಂಗನ್ನು ಝಾಡಿಸಬೇಡಿ.

ಎಳೆಯಲೇಬೇಕಾದರೆ ತಂತಿಹಗ್ಗ ಬಿಟ್ಟು, ಗಾಡಿಯ ಒಟ್ಟು ತೂಕಕ್ಕೆ ತಕ್ಕ ಅಳತೆಯ ಹಿಗ್ಗುವ ನೈಲಾನ್ ಹಗ್ಗ ಬಳಸಿ. ಅದನ್ನು ಕಂಪನಿಯವರು ಎಳೆಯಲೆಂದೇ ಕೊಟ್ಟ ಕೊಕ್ಕೆಗೆ ಮಾತ್ರ ಕಟ್ಟಬೇಕು. ಟ್ರೈಲರ್ ಎಳೆಯುವ ಗುಂಡಿಗೆ, ಆಕ್ಸಲ್ಲಿಗೆ, ಬಂಪರಿಗೆ ಕಟ್ಟಬಾರದು. ಕಿತ್ತುಬಂದ ಟ್ರೈಲರ್ ಗುಂಡು ಬಂದೂಕಿನ ಗುಂಡಿಗಿಂತ ಕಡಿಮೆ ಅಪಾಯದ್ದೇನಲ್ಲ. ಹಗ್ಗದ ನಡುವೆ ಒದ್ದೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿ. ನೋಡಲು ನಿಂತವರೆಲ್ಲ ಹಗ್ಗದ ಉದ್ದಕ್ಕಿಂತ ದೂರ ಹೋಗುವ ತನಕ ಟ್ರ್ಯಾಕ್ಟರಿನವರಿಗೆ ಸನ್ನೆ ಮಾಡಬೇಡಿ. ನಮ್ಮೂರುಗಳಲ್ಲಿ ಗಾಡಿ ಹೂತರೆ ಸೇರುವ ಜನಕ್ಕೆ ಇದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ವಿಂಚ್ ಬೇಕಾಗುವುದು ಒಬ್ಬರೇ, ಟ್ರ್ಯಾಕ್ಟರ್ ಸಿಗದ ಕಡೆ ಓಡಾಡುವವರಿಗೆ. ಹೊರೆಯೂ ಸೇರಿದ ಗಾಡಿಯ ತೂಕದ ಒಂದೂವರೆ ಪಟ್ಟಾದರೂ ಎಳೆಯುವ ಶಕ್ತಿ ಅದಕ್ಕಿರಬೇಕು. ಥಾರ್‌ನಂಥ ಗಾಡಿಗೆ 9,500 ಪೌಂಡಿನ, ಎಂದರೆ ಸುಮಾರು 4,300 ಕಿಲೋ ಎಳೆಯುವ ವಿಂಚ್ ಧಾರಾಳ. ಆದರೆ ಅದರ 30–40 ಕಿಲೋ ಭಾರ ಮುಂದಿನ ಸಸ್ಪೆನ್ಷನ್ನಿನ ಮೇಲೆ ಬೀಳುತ್ತದೆ, ಕೂರಿಸಲು ಬಂಪರನ್ನು ಮುಟ್ಟಬೇಕಾಗುತ್ತದೆ, ಅಲ್ಲಿಗೆ ಹಾಸನದವರಿಗೆ ಹೇಳಿದ ಕಾನೂನಿನ ತೊಡಕೇ ನಿಮಗೂ ಎದುರಾಗುತ್ತದೆ. ಟ್ರ್ಯಾಕ್ಟರ್ ಕೈಯಳತೆಯಲ್ಲಿರುವ ನಿಮಗೆ ಒಳ್ಳೆಯ ಹಗ್ಗವೇ ಸಾಕು. ವಿಂಚ್ ಇರುವ ಗೆಳೆಯರು ನಿಮ್ಮ ತೋಟಕ್ಕೆ ಬಂದು ಹೂತುಕೊಂಡರೆ ಮರಕ್ಕೆ ನೇರವಾಗಿ ಹಗ್ಗ ಸುತ್ತಲು ಬಿಡಬೇಡಿ, ಅಗಲವಾದ ಪಟ್ಟಿಯನ್ನು ಬುಡದ ಹತ್ತಿರ ಸುತ್ತಿ ಅದಕ್ಕೆ ಷಾಕಲ್ ಹಾಕಲಿ. ಮೆಣಸಿನ ಬಳ್ಳಿ ಹಬ್ಬಿಸಿದ ಸಿಲ್ವರ್ ಓಕ್ ಬಿಟ್ಟು, ಬುಡ ದಪ್ಪಗಿರುವ ಹಲಸನ್ನೋ ಅತ್ತಿಯನ್ನೋ ತೋರಿಸಿ.